ಯಾವ ಇಂಡಿಯನ್ನರ ಯುದ್ಧ?

ಊರಿಗೆ ವಾಪಸಾದ ಮೇಲೆ ಸಿಕ್ಕವರೆಲ್ಲ "ಅಮೆರಿಕಾ ಹೆಂಗಿತ್ತು ಟೀಚರಮ್ಮಾ?" ಎಂದು ಕೇಳಿದರು. "ಚೆನ್ನಾಗಿತ್ತು ಕಣಪ್ಪ, ಬಿಸಿಲು ನಮ್ಮಂಗೇ" ಎಂದು ಹೇಳಿ ಮುಂದೆ ಹೋದೆ. ಸಂತೆ ಬೀದಿಯಲ್ಲಿ ಚೀಲ ಹಿಡಿದು ನಿಂತು ಹೇಳುವ ಸಂಗತಿ ಅದಾಗಿರಲಿಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಸಮಾಜ ಪಾಠ ಮಾಡಿ ರಿಟೈರಾದವಳು ನಾನು. ಪರದೇಶಕ್ಕೆ ಹೋದವರು ಸೆಂಟು, ಚಾಕಲೇಟು ತರುತ್ತಾರೆ. ನಾನು ತಂದದ್ದು ಸಿಟ್ಟು. ಅದು ಇನ್ನೂ ಆರಿಲ್ಲ. ಆರಿಹೋಗುವ ಮೊದಲೇ ಬರೆದುಬಿಡುತ್ತೇನೆ.

ಕಾಪೆಲ್

ನನ್ನ ತಂಗಿಯ ಮಗಳು ರಶ್ಮಿ, ಅವಳ ಗಂಡ ಪ್ರಶಾಂತ, ಐದನೇ ಕ್ಲಾಸಿನ ಮಗಳು ಸಿರಿ, ಈ ಮೂವರು ಡಲ್ಲಾಸಿನ ಪಕ್ಕದ ಕಾಪೆಲ್‌ನಲ್ಲಿದ್ದಾರೆ. "ದೊಡ್ಡಮ್ಮ, ರಿಟೈರಾದ್ರಲ್ಲ, ಈಗಾದ್ರೂ ಬನ್ನಿ" ಎಂದು ರಶ್ಮಿ ಹಟ ಹಿಡಿದಳು. ಎರಡು ಸಾವಿರದ ಹದಿನಾರರ ಸೆಪ್ಟೆಂಬರ್ ಕೊನೆಗೆ ಹೋಗಿ ಇಳಿದೆ.

ಬೆಳಿಗ್ಗೆ ವಾಕಿಂಗ್ ಹೊರಟರೆ ಅಲ್ಲಿಯ ಫುಟ್‌ಪಾತು, ಯಾರೋ ಹಿಂದಿನಿಂದ ಕೂಗಿದ ಹಾಗೆ, ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಮುಂದೆ ಬರೀ ಹುಲ್ಲು. ನಾನು ಸೀರೆ ಎತ್ತಿ ಹಿಡಿದು ಹುಲ್ಲಿಗೆ ಇಳಿದಾಗ ಲಾರಿಯಷ್ಟು ದೊಡ್ಡ ಕಾರು ಪಕ್ಕಕ್ಕೆ ಬಂದು ನಿಂತಿತು. ಒಳಗಿದ್ದ ಹೆಂಗಸು ಗಾಜು ಇಳಿಸಿ, "ನಿಮಗೆ ಏನೂ ತೊಂದರೆ ಇಲ್ಲ ತಾನೆ?" ಎಂದು ಕಳವಳದಿಂದ ಕೇಳಿದಳು. ನಡೆಯುವುದೇ ಅಲ್ಲಿ ಕಾಯಿಲೆಯ ಲಕ್ಷಣ. ಅಂಗಡಿಗೆ ಹೋದರೂ ಅಷ್ಟೆ, "ಹೌ ಆರ್ ಯು" ಎನ್ನುತ್ತಾರೆ, ಉತ್ತರ ಬಾಯಿಗೆ ಬರುವ ಮೊದಲೇ ಮುಂದಿನವರ ಕಡೆ ತಿರುಗಿರುತ್ತಾರೆ. ನಮ್ಮಲ್ಲಿ "ಊಟ ಆಯ್ತಾ" ಅಂದವರು ಏನು ಸಾರು ಎಂದು ಕೇಳುವ ತನಕವಾದರೂ ನಿಲ್ಲುತ್ತಾರೆ.

ಅದು ಚುನಾವಣೆಯ ವರ್ಷ. ಮನೆಮನೆಯ ಹುಲ್ಲುಹಾಸಿನ ಮೇಲೂ ಅಭ್ಯರ್ಥಿಗಳ ಹೆಸರಿನ ಬೋರ್ಡು ನೆಟ್ಟಿದ್ದರು. ನಮ್ಮವರ ಮನೆಗಳ ಮುಂದೆ ಮಾತ್ರ ಹುಲ್ಲು ಹುಲ್ಲಾಗಿಯೇ ಇತ್ತು. ರಶ್ಮಿಯನ್ನು ಕೇಳಿದರೆ, "ನಮಗ್ಯಾಕೆ ದೊಡ್ಡಮ್ಮ ಅವೆಲ್ಲ, ಇನ್ನೂ ಗ್ರೀನ್ ಕಾರ್ಡೇ ಬಂದಿಲ್ಲ" ಎಂದಳು. ಮನೆ ಕೊಂಡಿದ್ದಾರೆ, ಮಗು ಅಲ್ಲೇ ಹುಟ್ಟಿದೆ, ಆದರೂ ಬಾಡಿಗೆ ಮನೆಯವರ ಹಾಗೆ ಮೆಲ್ಲಗೆ ಮಾತಾಡುತ್ತಾರೆ.

ಹೋಗಿ ಒಂದು ವಾರವಾಗಿರಬೇಕು. ಸಿರಿ ಸ್ಕೂಲಿನಿಂದ ಬಂದವಳೇ ಯಾರಿಗೂ ಮುಖ ತೋರಿಸದೆ ಕಸದ ಡಬ್ಬಿಗೆ ಏನೋ ತುರುಕಿ ಮಹಡಿ ಹತ್ತಿದಳು. ತೆಗೆದು ನೋಡಿದೆ. ಕಾಗದದ ಗರಿಗಳ ಕಿರೀಟ. ಮುಂದುಗಡೆ ಬಣ್ಣದ ಪೆನ್ನಿನಲ್ಲಿ ಇಂಗ್ಲಿಷಿನಲ್ಲಿ 'ಮಾತಾಡುವ ಫೋನು' ಎಂದು ಬರೆದಿತ್ತು. ಫೋನಿನೊಳಗೆ ಕೂತು ಮಾತಾಡುವ ಹೆಂಗಸಿಗೂ ಸಿರಿ ಎಂದೇ ಹೆಸರು ನೋಡಿ, ಅದಕ್ಕೆ.

ಮಹಡಿಗೆ ಹೋಗಿ ಪಕ್ಕ ಕೂತೆ. ಸಿರಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಅವಳು ಹೇಳಿದ್ದನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ.

ಅವತ್ತಿನ ಪಾಠ 'ಫ್ರೆಂಚ್ ಆ್ಯಂಡ್ ಇಂಡಿಯನ್ ವಾರ್'. ಅಮೆರಿಕದ ಕಾಡು, ನದಿಗಳಿಗಾಗಿ ಇಂಗ್ಲಿಷರೂ ಫ್ರೆಂಚರೂ ಹೊಡೆದಾಡಿದ ಯುದ್ಧಕ್ಕೆ ಅಲ್ಲಿ ಆ ಹೆಸರು. ಟೀಚರು ಅದನ್ನು ಆಟ ಮಾಡಿಸಿದ್ದರು. ಕಿಟಕಿ ಕಡೆ ಬ್ರಿಟಿಷರು, ಬಾಗಿಲ ಕಡೆ ಫ್ರೆಂಚರು, ನಡುವೆ ಇಂಡಿಯನ್ನರು, ಅಂದರೆ ಆ ನೆಲದ ಮೂಲ ಜನ. ಆಕೆ ಕ್ಲಾಸಿನಲ್ಲಿದ್ದ ನಮ್ಮ ದೇಶದ ಮಕ್ಕಳನ್ನೆಲ್ಲ ನೋಡಿ ನಕ್ಕು, "ಈ ವರ್ಷ ಇಂಡಿಯನ್ನರಿಗೇನೂ ಕೊರತೆಯಿಲ್ಲ!" ಎಂದು ಅವರನ್ನೇ ನಡುವೆ ನಿಲ್ಲಿಸಿದರಂತೆ. ಗರಿ ಕಟ್ಟಿಸಿದರಂತೆ. ಉಳಿದ ಮಕ್ಕಳು ಅವರಿಗೆ 'ಇಂಡಿಯನ್ ಹೆಸರು' ಇಡಬೇಕು. ಆಮೇಲೆ ಪ್ರಶ್ನೆಗಳು. ಸರಿ ಉತ್ತರಕ್ಕೆ ಒಂದು ಮಣಿ. ಇಂಡಿಯನ್ನರು ತಮಗೆ ಬಂದ ಮಣಿಯನ್ನು ತಾವು ಇಟ್ಟುಕೊಳ್ಳುವ ಹಾಗಿಲ್ಲ, ಬ್ರಿಟಿಷರಿಗೋ ಫ್ರೆಂಚರಿಗೋ ಕೊಡಬೇಕು. ಕೊನೆಗೆ ಬ್ರಿಟಿಷರು ಗೆದ್ದರು. ಫ್ರೆಂಚರು ತಂತಮ್ಮ ಜಾಗಕ್ಕೆ ಹೋಗಿ ಕೂತರು. ಇಂಡಿಯನ್ನರ ಮೇಜುಗಳನ್ನೆಲ್ಲ ಗೆದ್ದವರಿಗೆ ಕೊಟ್ಟು, "ನೀವು ನೆಲದ ಮೇಲೆ ಕೂತ್ಕೊಳ್ಳಿ, ಇತಿಹಾಸದಲ್ಲಿ ಹೀಗೇ ಆಗಿದ್ದು" ಎಂದರಂತೆ ಟೀಚರು. ಉಳಿದ ಪೀರಿಯಡ್ ಪೂರ್ತಿ ಅವರು ನೆಲದ ಮೇಲೇ ಕೂತಿದ್ದರು.

"ಎಲ್ಲಾ ಉತ್ತರನೂ ನಾವೇ ಹೇಳಿದ್ವಿ ಅಜ್ಜಿ," ಎಂದಳು ಸಿರಿ. "ಆದ್ರೂ ನೆಲದ ಮೇಲೆ ಕೂತಿದ್ದು ನಾವೇ."

ನನಗೆ ಕಿವಿಯೆಲ್ಲ ಬಿಸಿಯಾಯಿತು. ನಾನೂ ಮಕ್ಕಳಿಗೆ ಯುದ್ಧಗಳ ಪಾಠ ಮಾಡಿದವಳು. ಸೋತ ರಾಜನ ಪಾಠ ಮಾಡುವಾಗ ಯಾವ ಮಗುವನ್ನೂ ಸೋತವನ ಜಾಗದಲ್ಲಿ ಕೂರಿಸಿ ಉಳಿದವರಿಂದ ನಗಿಸಲಿಲ್ಲ. ಆದರೂ ಸಿಟ್ಟನ್ನು ನುಂಗಿಕೊಂಡು ಮಗುವಿಗೆ ಹೇಳಿದೆ. ಆ ಇಂಡಿಯನ್ನರು ನಾವಲ್ಲ ಪುಟ್ಟಿ. ಯಾವನೋ ನಾವಿಕ ನಮ್ಮನ್ನು ಹುಡುಕಿಕೊಂಡು ಹೊರಟು, ದಾರಿ ತಪ್ಪಿ ಅವರ ಬಾಗಿಲಿಗೆ ಹೋಗಿ, ನಮ್ಮ ಹೆಸರನ್ನು ಅವರಿಗೆ ಅಂಟಿಸಿದ. ಅವರಿಗೆ ಅವರದೇ ಹೆಸರುಗಳಿದ್ದವು. ಆದರೆ ಅದೇ ಯುದ್ಧ ನಮ್ಮಲ್ಲಿಗೂ ಬಂದಿತ್ತು. ಅವಳ ಐಪ್ಯಾಡಿನಲ್ಲಿ ಮ್ಯಾಪ್ ತೆಗೆಸಿ ಬೆರಳಿಟ್ಟು ತೋರಿಸಿದೆ: ಇದು ಮದರಾಸು, ಇಂಗ್ಲಿಷರ ಕೋಟೆ. ಇದು ಪುದುಚೇರಿ, ಫ್ರೆಂಚರ ಕೋಟೆ. ನಡುವಿನ ಈ ಊರುಗಳೆಲ್ಲ ಸುಟ್ಟವು. ಅದೇ ಇಬ್ಬರು, ಅದೇ ವರ್ಷಗಳು. ಅವರ ಪರವಾಗಿಯೂ ಇವರ ಪರವಾಗಿಯೂ ಬಂದೂಕು ಹಿಡಿದು ಸತ್ತವರು ನಮ್ಮ ಸಿಪಾಯಿಗಳು.

ಸಿರಿ ಸ್ವಲ್ಪ ಹೊತ್ತು ಮ್ಯಾಪ್ ನೋಡುತ್ತಿದ್ದಳು. "ಹಾಗಾದ್ರೆ ಎರಡು ಕಡೆನೂ ಸೋತಿದ್ದು ಇಂಡಿಯನ್ಸೇನಾ?"

ನಾನು ಸಾವಿರಾರು ಮಕ್ಕಳಿಗೆ ಇದೇ ಯುದ್ಧದ, ನಮ್ಮ ಪುಸ್ತಕದ ಸಪ್ತವಾರ್ಷಿಕ ಯುದ್ಧದ, ಕಾರಣ ಮತ್ತು ಪರಿಣಾಮಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ಇಷ್ಟು ನೆಟ್ಟಗೆ ಒಬ್ಬರೂ ಕೇಳಿರಲಿಲ್ಲ.

ಅವಳ ಕಿರೀಟದ ಮೇಲಿನ ಹೆಸರು ಹಾಗೇ ನನ್ನನ್ನು ಚುಚ್ಚುತ್ತಿತ್ತು. ನಮ್ಮೂರ ಕಥೆಯನ್ನೂ ಹೇಳಿದೆ. ಪಾಂಡವಪುರಕ್ಕೆ ಮೊದಲು ಹಿರೋಡೆ ಅಂತ ಹೆಸರಿತ್ತು. ಶ್ರೀರಂಗಪಟ್ಟಣದ ಸುಲ್ತಾನನ ನೆರವಿಗೆ ಬಂದ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಬಂಡೆಗಳ ಹತ್ತಿರ ಡೇರೆ ಹೊಡೆದರು. ಆಮೇಲೆ ಇಂಗ್ಲಿಷರು ಗೆದ್ದರು, ಊರನ್ನು 'ಫ್ರೆಂಚ್ ರಾಕ್ಸ್' ಎಂದು ಕರೆದರು. ನನ್ನಜ್ಜಿ ಸಾಯುವ ತನಕ 'ಪೆಂಚ್ ರಾಕ್ಸು' ಅಂತಲೇ ಅನ್ನುತ್ತಿದ್ದಳು. ಹೊರಗಿನವರಿಬ್ಬರು ಬಂದು ನಮ್ಮ ಬಂಡೆಯ ಮೇಲೆ ಜಗಳವಾಡಿದರು. ಗೆದ್ದವನು ಸೋತವನ ಹೆಸರನ್ನು ಬಂಡೆಗಿಟ್ಟ. ಅಲ್ಲೇ ಹುಟ್ಟಿ ಬೆಳೆದವರನ್ನು ಒಂದು ಮಾತು ಕೇಳಲಿಲ್ಲ.

ಸಂಜೆ ಪ್ರಶಾಂತ ಆಫೀಸಿನಿಂದ ಬಂದ ಮೇಲೆ, ನಾಳೆ ಹೋಗಿ ಟೀಚರನ್ನು ಕಾಣೋಣ ಎಂದೆ. ಅವನು ಟೈ ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ.

"ಬೇಡ ಅತ್ತೆ. ಅದೊಂದು ಆ್ಯಕ್ಟಿವಿಟಿ ಅಷ್ಟೆ. ಇಲ್ಲಿ ಇದನ್ನೆಲ್ಲ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ. ಅದೂ ಈ ಎಲೆಕ್ಷನ್ ಟೈಮಲ್ಲಿ..."

"ಟೀಚರ್ ತುಂಬಾ ಸ್ವೀಟು ದೊಡ್ಡಮ್ಮ," ಎಂದಳು ರಶ್ಮಿ. "ಸಿರಿಗೆ ಎಷ್ಟೊಂದು ಸ್ಟಿಕರ್ ಕೊಟ್ಟಿದಾರೆ."

"ಸ್ಟಿಕರ್ ಕೊಟ್ಟೋರು ಮಗೂನ ನೆಲದ ಮೇಲೆ ಕೂರಿಸಬಹುದಾ?"

ಪ್ರಶಾಂತ ಟೈ ಮಡಚಿದ, ರಶ್ಮಿ ಊಟಕ್ಕೆ ತಟ್ಟೆ ಹಾಕತೊಡಗಿದಳು. ಅವತ್ತು ನನಗೆ ಆ ಟೀಚರಿಗಿಂತ ಇವರ ಮೇಲೆ ಹೆಚ್ಚು ಸಿಟ್ಟು ಬಂತು.

ಸ್ಟಾಫರ್ಡ್

ಶನಿವಾರ ಹ್ಯೂಸ್ಟನ್ ಕಡೆ ಹೊರಟೆವು. ಪ್ರಶಾಂತನ ಕ್ಲಾಸ್‌ಮೇಟ್ ಬಸವರಾಜ, ಹುಬ್ಬಳ್ಳಿಯವನು, ಅಲ್ಲಿ ಸ್ಟಾಫರ್ಡ್‌ನಲ್ಲಿದ್ದಾನೆ. ದಾರಿಯಲ್ಲಿ ನಿಂತ ಪೆಟ್ರೋಲ್ ಬಂಕು ನಮ್ಮ ತಾಲ್ಲೂಕು ಆಫೀಸಿಗಿಂತ ದೊಡ್ಡದಿತ್ತು. ಅದರ ಟಾಯ್ಲೆಟ್ಟು ನಮ್ಮ ತಾಲ್ಲೂಕು ಆಫೀಸಿನ ಯಾವ ಕೋಣೆಗಿಂತಲೂ ಚೊಕ್ಕಟವಾಗಿತ್ತು. ಇದನ್ನು ಹೇಳದಿದ್ದರೆ ಸುಳ್ಳಾಡಿದ ಹಾಗಾಗುತ್ತದೆ.

ಭಾನುವಾರ ಮಧ್ಯಾಹ್ನ ಬಸವರಾಜನ ಮನೆಯಲ್ಲಿ ಹತ್ತಿರದ ಕನ್ನಡದವರೆಲ್ಲ ಸೇರಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊಟವಾದ ಮೇಲೆ ಬಸವರಾಜ, "ದೊಡ್ಡಮ್ಮಾರ, ನೀವು ಹಿಸ್ಟರಿ ಟೀಚರ್ ಅಂತಲ್ರಿ. ನಮ್ಮ ಮಂದಿಗೆ ಎರಡ ಮಾತ ಹೇಳ್ರಿ" ಎಂದ.

ನಾನು ಎದ್ದು ನಿಂತು ಸಿರಿಯ ಕ್ಲಾಸಿನಲ್ಲಿ ಆದದ್ದನ್ನು ಹೇಳಿದೆ. ಆ ಯುದ್ಧದ ಇನ್ನೊಂದು ಕೊನೆ ನಮ್ಮ ನೆಲದಲ್ಲಿತ್ತು ಎಂದೂ ಹೇಳಿದೆ. ಮಾತು ಮುಗಿಯುವ ಮೊದಲೇ ಸೋಫಾದಿಂದ ಒಬ್ಬರು ಕೈ ಎತ್ತಿದರು. ಎಲ್ಲರೂ ಅವರನ್ನು ಮೂರ್ತಿ ಅಂಕಲ್ ಎನ್ನುತ್ತಿದ್ದರು. ಎಣ್ಣೆ ಕಂಪನಿಯಲ್ಲಿದ್ದು ರಿಟೈರಾದವರು, ನನ್ನ ವಾರಿಗೆಯವರು.

"ಇಂಗ್ಲಿಷ್‌ನೋರು ಗೆದ್ದಿದ್ದೇ ಒಳ್ಳೇದಾಯ್ತು ಬಿಡಿ ಮೇಡಂ. ಫ್ರೆಂಚ್‌ನೋರು ಗೆದ್ದಿದ್ರೆ ನಾವೆಲ್ಲ ಹ್ಯೂಸ್ಟನ್‌ಗೆ ಬರ್ತಿದ್ವಾ? ಇಂಗ್ಲಿಷ್ ಬಂದಿದ್ದಕ್ಕೆ ಇವತ್ತು ಈ ಮನೆ, ಈ ಕಾರು."

ಎಲ್ಲರೂ ನಕ್ಕರು. ನಾನು ನಗಲಿಲ್ಲ.

"ನಿಮ್ಮ ಕಾರು ಬರಲಿ ಅಂತ ಆರ್ಕಾಟಿನಲ್ಲಿ ಜನ ಸತ್ತರಾ ಸ್ವಾಮಿ? ಇಬ್ಬರು ಕಳ್ಳರು ಮನೆಗೆ ನುಗ್ಗಿ ತಮ್ಮ ತಮ್ಮಲ್ಲೇ ಹೊಡೆದಾಡಿಕೊಂಡರೆ, ಗೆದ್ದ ಕಳ್ಳ ಒಳ್ಳೆ ಇಂಗ್ಲಿಷ್ ಕಲಿಸಿದ ಅಂತ ಆರತಿ ಎತ್ತಬೇಕಾ?"

"ಕಳ್ಳರನ್ನ ಕರೆದೋರು ಯಾರು? ನಮ್ಮ ರಾಜರೇ ತಾನೆ? ನಿಮ್ಮ ಸುಲ್ತಾನ ಫ್ರೆಂಚರನ್ನ ಕರೀಲಿಲ್ವಾ?"

ಅದು ನಿಜ. ಕರೆದವರು ನಮ್ಮವರೇ. ಅಣ್ಣನನ್ನು ಇಳಿಸಲು ತಮ್ಮ ಇಂಗ್ಲಿಷರ ಕಾಲು ಹಿಡಿದ, ತಮ್ಮನನ್ನು ತಡೆಯಲು ಅಣ್ಣ ಫ್ರೆಂಚರ ಕಾಲು ಹಿಡಿದ. ಆ ನವಾಬರ ಮೇಲೂ ರಾಜರ ಮೇಲೂ ನನಗಿರುವ ಸಿಟ್ಟು ಕಡಿಮೆಯದಲ್ಲ. ಅದನ್ನೇ ಹೇಳಲು ಬಾಯಿ ತೆರೆದೆ. ಆದರೆ ಸುಲ್ತಾನ ಎಂಬ ಮಾತು ಬಿದ್ದಿದ್ದೇ ತಡ, ಮನೆ ಎರಡು ಭಾಗವಾಯಿತು. ಒಬ್ಬ ಅವನನ್ನು ಹುಲಿ ಎಂದ, ಇನ್ನೊಬ್ಬ ಪಾಪಿ ಎಂದ. ಸಾಫ್ಟ್‌ವೇರ್ ಹುಡುಗರು ವಾಟ್ಸ್ಯಾಪಿನಲ್ಲಿ ಓದಿದ್ದನ್ನು ಎದೆ ತಟ್ಟಿ ಒಪ್ಪಿಸಿದರು. ಅಲ್ಲಿಯವರೆಗೆ ಒಂದೇ ತಟ್ಟೆಯ ರೊಟ್ಟಿ ಮುರಿದವರು ಬೆರಳು ತೋರಿಸಿ ಕೂಗಾಡಿದರು. ಮಗುವಿನ ಮಾತು ಎಲ್ಲೋ ಬಿದ್ದುಹೋಯಿತು.

"ಮಗು ನೆಲದ ಮೇಲೆ ಕೂತಿದೆ ಕಣ್ರೀ!" ಎಂದು ಕೂಗಿದೆ. ಕ್ಲಾಸಿನಲ್ಲಿ ಅರವತ್ತು ಹುಡುಗರನ್ನು ಸುಮ್ಮನಾಗಿಸುತ್ತಿದ್ದ ಗಂಟಲು ಅದು. "ಎರಡು ಪಕ್ಷ ಕಟ್ಟಿಕೊಂಡು ನೀವು ಹೊಡೆದಾಡ್ತಾ ಇದೀರಿ. ಅವರು ಬಂದಾಗಲೂ ನಮ್ಮವರು ಇದನ್ನೇ ಮಾಡ್ತಾ ಇದ್ದದ್ದು!"

ಮೂರ್ತಿ ಅಂಕಲ್ ಕನ್ನಡಕ ಒರೆಸಿಕೊಳ್ಳುತ್ತಾ, "ಮಕ್ಕಳ ಆಟಕ್ಕೆ ಇಷ್ಟು ರಂಪ ಯಾಕೆ ಮೇಡಂ" ಎಂದರು. ನಾನು ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ.

ಅಲ್ಲಿ ಬಸವರಾಜನ ಹೆಂಡತಿ ಸುಮಾ ಪಾತ್ರೆ ತೊಳೆಯುತ್ತಿದ್ದಳು, ರಶ್ಮಿ ಒರೆಸಿ ಇಡುತ್ತಿದ್ದಳು. ಸುಮಾ ನನ್ನ ಕಡೆ ತಿರುಗದೆಯೇ ಹೇಳಿದಳು.

"ನಮ್ಮ ಹುಡುಗಗೂ ಹಿಂಗ ಆಗಿತ್ರಿ ದೊಡ್ಡಮ್ಮ. ಬ್ಯಾರೆ ಸ್ಕೂಲು, ಬ್ಯಾರೆ ಆಟ. ಮನಿಗೆ ಬಂದು ಅತ್ತ. ನಾ ಸುಮ್ನ ಇರು ಅಂದೆ. ಸುಮ್ನಾದ. ಈಗ ಕಾಲೇಜಿಗೆ ಹೊಂಟಾನ. ಏನಾರ ಕೇಳಿದ್ರೂ ನನ್ನ ಕೂಡ ಮಾತಾಡಂಗಿಲ್ರಿ."

ರಶ್ಮಿಯ ಕೈಯಲ್ಲಿದ್ದ ತಟ್ಟೆ ಒಣಗಿತ್ತು. ಆದರೂ ಅವಳು ಅದನ್ನೇ ಒರೆಸುತ್ತಿದ್ದಳು.

ಆಸ್ಟಿನ್

ಪ್ರಶಾಂತನಿಗೆ ನನ್ನ ಸಿಟ್ಟು ತಣಿಸಬೇಕಿತ್ತೋ ಏನೋ, ಸೋಮವಾರ ರಜೆಯಿದ್ದದ್ದರಿಂದ ವಾಪಸು ಬರುವಾಗ ಆಸ್ಟಿನ್ ಕಡೆಯಿಂದ ಸುತ್ತಿಸಿದ. ಅಲ್ಲಿಯ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಹಳೆಯ ಹಡಗೊಂದಿದೆ, ನಿಮಗೆ ಇಷ್ಟವಾಗುತ್ತೆ ಎಂದ. ಇಷ್ಟವಾಯಿತು, ಮೊದಲ ಐದು ನಿಮಿಷ.

ಟೆಕ್ಸಾಸಿನ ಕರಾವಳಿಯಲ್ಲಿ ಮುಳುಗಿ ಮುನ್ನೂರು ವರ್ಷ ಕೆಸರಿನಲ್ಲಿದ್ದ ಫ್ರೆಂಚ್ ಹಡಗು ಅದು. ಮರದ ಪಕ್ಕೆಲುಬುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಪಕ್ಕದ ಗಾಜಿನ ಪೆಟ್ಟಿಗೆಗಳಲ್ಲಿ ಅದರೊಳಗೆ ಸಿಕ್ಕಿದ ಸಾಮಾನು: ಬಂದೂಕು, ಹಿತ್ತಾಳೆ ಉಂಗುರ, ಗೆಜ್ಜೆ, ರಾಶಿ ರಾಶಿ ಗಾಜಿನ ಮಣಿ. ನೀಲಿ, ಬಿಳಿ, ಕಪ್ಪು. ಅಲ್ಲಿಯ ಜನರಿಗೆ ಕೊಟ್ಟು ಒಲಿಸಿಕೊಳ್ಳಲು ತಂದದ್ದಂತೆ. ಸಿರಿ ಗಾಜಿಗೆ ಮೂಗು ತಾಗಿಸಿ ನೋಡಿದಳು. ಕ್ಲಾಸಿನಲ್ಲಿ ಕೊಟ್ಟಿದ್ದ ಮಣಿಗಳು ಹೀಗೇ ಇದ್ದವು ಎಂದಳು. ನನ್ನ ಮೈ ಉರಿಯಿತು.

ಕೆಂಪು ಕೋಟಿನ ವಯಸ್ಸಾದ ಸ್ವಯಂಸೇವಕರೊಬ್ಬರು ಬಂದವರಿಗೆಲ್ಲ ಕಥೆ ಹೇಳುತ್ತಿದ್ದರು. ಫ್ರೆಂಚರ ನಾಯಕ ದೊಡ್ಡ ನದಿಯ ಬಾಯಿ ಹುಡುಕಿಕೊಂಡು ಬಂದ, ತಪ್ಪಿ ಇಲ್ಲಿ ಇಳಿದ, ಕೋಟೆ ಕಟ್ಟಿಸಿದ. ಕೊನೆಗೆ ಅವನನ್ನು ಅವನ ಜನರೇ ಕೊಂದರು. ಉಳಿದವರನ್ನು ಇಂಡಿಯನ್ನರು ಕೊಂದರು. ಹೀಗೆ ಫ್ರೆಂಚರ ಕನಸು ಇಲ್ಲಿ ಮುರಿಯಿತು, ಮುಂದೆ ಇಂಗ್ಲಿಷರ ಕೈಯಲ್ಲಿ ಆ ಖಂಡವನ್ನೇ ಕಳೆದುಕೊಂಡರು. ನಿಂತಿದ್ದವರು ಫ್ರೆಂಚರಿಗಾಗಿ "ಅಯ್ಯೋ" ಎಂದರು.

"ಯಾವ ಇಂಡಿಯನ್ನರು?" ಎಂದಳು ಸಿರಿ.

"ಸಿರಿ, ಶ್..." ಎಂದ ಪ್ರಶಾಂತ. ರಶ್ಮಿ ಅವನ ತೋಳು ಹಿಡಿದಳು.

ಹಿರಿಯರು ಬಗ್ಗಿ ಮಗುವಿನ ಮುಖ ನೋಡಿದರು. "ಕರಂಕಾವ ಎಂಬ ಜನ" ಎಂದರು.

"ಯಾಕೆ ಕೊಂದರು?"

ಅವರು ತಡೆದು, ದನಿ ತಗ್ಗಿಸಿ ಹೇಳಿದರು. "ಫ್ರೆಂಚರು ಮೊದಲು ಅವರ ದೋಣಿಗಳನ್ನು ತೆಗೆದುಕೊಂಡರು. ಕಂಬಳಿಗಳನ್ನೂ. ಹೇಳದೆ ಕೇಳದೆ."

"ಅದನ್ನ ನೀವು ಮೊದಲೇ ಯಾಕೆ ಹೇಳಲಿಲ್ಲ?"

ಅವರು "ನೀನು ಹೇಳೋದು ಸರಿ" ಎಂದರು. ಮುಂದಿನ ಗುಂಪಿಗೆ ಅವರು ಕಥೆ ಹೇಗೆ ಹೇಳುತ್ತಾರೋ ಕೇಳೋಣ ಎಂದು ನಾನು ಬೇಕೆಂದೇ ಹಿಂದೆ ಉಳಿದೆ. ದೋಣಿಯ ಮಾತು ಬಂತು, ಆದರೆ ಅವಸರದಲ್ಲಿ, ಕೊನೆಗೆ. ಇಷ್ಟಾದರೂ ಆಯಿತಲ್ಲ ಎಂದು ಸಮಾಧಾನ ಪಡುವ ಸ್ವಭಾವ ನನ್ನದಲ್ಲ. ಕಾರಿನ ತನಕ ಬೈದುಕೊಂಡೇ ನಡೆದೆ.

ಡಲ್ಲಾಸಿನ ದಾರಿಯಲ್ಲಿ ರಶ್ಮಿ ಫೋನ್ ತೆಗೆದು ಏನೋ ಟೈಪ್ ಮಾಡಿದಳು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಕಳಿಸಿದಳು. "ಟೀಚರ್ ಹತ್ರ ಟೈಮ್ ಕೇಳಿದೀನಿ ದೊಡ್ಡಮ್ಮ. ನೀವೇ ಬಂದು ಮಾತಾಡಿ. ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ."

ಪ್ರಶಾಂತ ರಸ್ತೆ ನೋಡುತ್ತಾ ಡ್ರೈವ್ ಮಾಡುತ್ತಿದ್ದ.

ಮತ್ತೆ ಕಾಪೆಲ್

ಸ್ಕೂಲಿನಲ್ಲಿ ನಮ್ಮನ್ನು ಮಕ್ಕಳ ಕುರ್ಚಿಗಳಲ್ಲಿ ಕೂರಿಸಿದರು. ಮೊಣಕಾಲು ಎದೆಗೆ ಬಂತು. ಟೀಚರಿಗೆ ನಲವತ್ತರ ಹತ್ತಿರ ವಯಸ್ಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ನಾನೂ ಟೀಚರೇ, ಆ ಕಪ್ಪು ಹೇಗೆ ಬರುತ್ತದೆಂದು ಬಲ್ಲೆ. ಆಕೆ ಎರಡೂ ಕೈಯಿಂದ ನನ್ನ ಕೈ ಹಿಡಿದು, ಸಿರಿಯಂಥ ಮಗು ಕ್ಲಾಸಿನಲ್ಲಿರುವುದೇ ಭಾಗ್ಯ ಎಂದರು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನಾನು ಕನ್ನಡದಲ್ಲಿ ಶುರು ಮಾಡಿದೆ. "ಮಕ್ಕಳನ್ನ ಅವರ ದೇಶ ನೋಡಿ ಆರಿಸಿ, ಗರಿ ಕಟ್ಟಿ, ನೆಲದ ಮೇಲೆ ಕೂರಿಸಿದ್ದು ತಪ್ಪು."

ರಶ್ಮಿ ನಗುಮುಖ ಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದ್ದು ಹೀಗೆ: "ನಮ್ಮ ದೊಡ್ಡಮ್ಮನೂ ಟೀಚರ್ ಆಗಿದ್ದವರು. ಆ ಆಟದ ಬಗ್ಗೆ ಅವರಿಗೆ ತುಂಬ ಕುತೂಹಲ."

"ಆ ಯುದ್ಧದಲ್ಲಿ ಸತ್ತವರನ್ನ ತಮಾಷೆ ಮಾಡಿದೀರಿ. ಅಲ್ಲಿಯವರನ್ನೂ, ನಮ್ಮವರನ್ನೂ."

"ಇತಿಹಾಸವನ್ನ ಇಷ್ಟು ಆಸಕ್ತಿಯಿಂದ ಕಲಿಸ್ತೀರಲ್ಲ ಅಂತ ಅವರಿಗೆ ಸಂತೋಷ."

ನನಗೆ ಇಂಗ್ಲಿಷ್ ಮಾತಾಡಲು ತಡವರಿಕೆ ನಿಜ, ಆದರೆ ಕೇಳಿದ್ದು ಅರ್ಥವಾಗುತ್ತದೆ. ಆ ಪುಟ್ಟ ಕುರ್ಚಿಯಿಂದ ಎದ್ದುಬಿಟ್ಟೆ.

"ರಶ್ಮಿ! ಕೋಟೆಗಳಲ್ಲಿ ದೊರೆಗಳ ಪಕ್ಕ ದುಬಾಷಿಗಳು ಅಂತ ಇರ್ತಿದ್ರು, ಗೊತ್ತಾ? ಈ ಕಡೆಯ ಮಾತನ್ನ ಆ ಕಡೆಗೆ ಸಿಹಿ ಮಾಡಿ ದಾಟಿಸೋರು. ಫ್ರೆಂಚರಿಗೂ ಇದ್ರು, ಇಂಗ್ಲಿಷರಿಗೂ ಇದ್ರು. ಅವರಿಬ್ಬರೂ ನಮ್ಮನ್ನ ಕೊಂಡುಕೊಂಡಿದ್ದು ಆ ಬಾಯಿಂದಲೇ ಕಣೇ. ನಾನು ಹೇಳಿದ್ದನ್ನ ಹೇಳು. ಇಲ್ಲಾಂದ್ರೆ ನಿನ್ನದನ್ನ ಹೇಳು!"

ಟೀಚರು ಗಾಬರಿಯಿಂದ ಇಬ್ಬರನ್ನೂ ನೋಡುತ್ತಿದ್ದರು. ರಶ್ಮಿಯ ಮುಖ ಕೆಂಪಾಯಿತು. ನಾನು ಅತಿ ಮಾಡಿದೆನೇನೋ ಅನ್ನಿಸಿತು. ಅವಳು ಟೀಚರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದಳು.

"ನನ್ನ ಮಗಳ ಹೆಸರು ಸಿರಿ. ನಮ್ಮ ಭಾಷೆಯ ಹಳೆಯ ಮಾತು ಅದು, ಸಮೃದ್ಧಿ ಅಂತ ಅರ್ಥ. ಫೋನು ಅಂತ ಅಲ್ಲ. ಅವಳು ಆ ಹೆಸರನ್ನ ಕಸದ ಡಬ್ಬಿಗೆ ಹಾಕಿ, ಊಟ ಬಿಟ್ಟು ಮಲಗಿದಳು. ಸಿಕ್ಕಾಪಟ್ಟೆ ಕೆಲಸ ಬಂದಾಗೆಲ್ಲ ನನ್ನ ಆಫೀಸಿನಲ್ಲಿ 'ಇಂಡಿಯನ್ನರಿಗೆ ಕೊಡಿ' ಅಂತ ನಗ್ತಾರೆ. ನಾನೂ ಜೊತೆಗೆ ನಗ್ತೀನಿ. ವರ್ಷಗಳಿಂದ ನಗ್ತಾ ಇದೀನಿ. ಅವಳಿಗೂ ಅದನ್ನೇ ಕಲಿಸ್ತಾ ಇದೀನಿ ಅಂತ ಈಗ ಗೊತ್ತಾಯ್ತು."

"ಅವಳ ಮನಸ್ಸಿಗೆ ನೋವಾಗಿದ್ದರೆ ನನಗೆ ನಿಜಕ್ಕೂ ಬೇಸರ..."

"ಆಗಿದ್ದರೆ ಅಲ್ಲ," ಎಂದಳು ರಶ್ಮಿ. "ಆಗಿದೆ."

ಟೀಚರ ಕಣ್ಣು ತುಂಬಿತು. ಅದನ್ನು ಒರೆಸಿಕೊಂಡು, ತಾನು ಹೀಗೆ ಯೋಚಿಸಿಯೇ ಇರಲಿಲ್ಲ ಎಂದರು. ಅದು ಸುಳ್ಳಲ್ಲ ಅನ್ನಿಸಿತು. ಯೋಚಿಸದೇ ಇರುವ ಅನುಕೂಲ ಗೆದ್ದವರ ಕಡೆಯವರಿಗೆ ಮಾತ್ರ ಇರುತ್ತದಲ್ಲ, ಆ ಸಿಟ್ಟು ನನಗೆ ಈಗಲೂ ಇದೆ. ಆಮೇಲೆ ಆಕೆಯೇ ಕೇಳಿದರು, ಕ್ಲಾಸಿಗೆ ಬಂದು ನಿಮ್ಮ ಕಡೆಯ ಯುದ್ಧದ ಕಥೆ ಹೇಳುತ್ತೀರಾ ಎಂದು. ನಾನು ಆಗಲೇ ಮನಸ್ಸಿನಲ್ಲಿ ಕಪ್ಪುಹಲಗೆಯ ಮೇಲೆ ಪುದುಚೇರಿ ಬರೆಯುತ್ತಿದ್ದೆ. ಆದರೆ ಹೊರಗಿನವರು ಮಕ್ಕಳ ಕ್ಲಾಸಿಗೆ ಬರಬೇಕಾದರೆ ಪರಿಶೀಲನೆ ಆಗಬೇಕು, ಅನುಮತಿ ಬರಬೇಕು. ಅದು ಬರುವ ಹೊತ್ತಿಗೆ ನಾನು ಊರಿಗೆ ಹಾರಿರುತ್ತೇನೆ.

"ಪೇರೆಂಟ್ಸ್ ಬರಬಹುದಲ್ಲ?" ಎಂದಳು ರಶ್ಮಿ. "ನಾನು ಬರ್ತೀನಿ."

ಮೂರು ಸಂಜೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಪಾಠ ಮಾಡಿದೆ. ಪ್ರಶಾಂತ ಕೇಳಿಸಿಕೊಳ್ಳದವನ ಹಾಗೆ ಓಡಾಡುತ್ತಿದ್ದ. ಮೂರನೆಯ ಸಂಜೆ ತಾನಾಗಿಯೇ ಬಂದು ಮ್ಯಾಪನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟ. ಅಮೆರಿಕವೂ ನಮ್ಮ ಕರಾವಳಿಯೂ ಒಂದೇ ಹಾಳೆಯ ಮೇಲೆ.

ನಾನು ಹೊರಡುವ ಮುಂಚಿನ ದಿನ ರಶ್ಮಿ ಅರ್ಧ ದಿನ ರಜೆ ಹಾಕಿ ಸ್ಕೂಲಿಗೆ ಹೋದಳು. ಅಲ್ಲಿಂದ ಹಾಗೇ ಆಫೀಸಿಗೆ ಹೋದ್ದರಿಂದ ನಾನು ಸಿರಿಗಾಗಿ ಬಾಗಿಲಲ್ಲೇ ಕಾದೆ. ಒಲೆಯ ಮೇಲೆ ಉಪ್ಪುಸಾರು ಕುದಿಯುತ್ತಿತ್ತು, ಅದರ ಕಡೆ ಗಮನವೇ ಇರಲಿಲ್ಲ. ಮಗು ಬ್ಯಾಗು ಎಸೆದು ಓಡಿಬಂತು.

"ಅಜ್ಜಿ, ಅಮ್ಮನಿಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ! ಆದ್ರೂ ಎಲ್ಲಾ ಹೇಳಿದ್ಲು. ನಡುವೆ ಟೀಚರ್ ಎದ್ದು ಏನೋ ಸೇರಿಸೋಕೆ ಬಂದ್ರು. ಅಮ್ಮ, 'ನಾನು ಮುಗಿಸ್ತೀನಿ' ಅಂದ್ಲು."

"ಟೀಚರ್ ಏನು ಮಾಡಿದ್ರು?"

"ಕೂತ್ಕೊಂಡ್ರು."